ಎಸ್‌ಎಸ್‌ಡಿ ಹಾಕಿದ ಮೇಲೆ ವಿಂಡೋಸ್ ಏಳುತ್ತಿಲ್ಲವೇ?

ಮೊದಲಿಗೆ, ಹಳೆಯ ಹಾರ್ಡ್ ಡಿಸ್ಕನ್ನು ದಯವಿಟ್ಟು ಫಾರ್ಮ್ಯಾಟ್ ಮಾಡಬೇಡಿ. ನಿಮ್ಮ ಮಗಳ ಪ್ರಾಜೆಕ್ಟ್ ಫೈಲುಗಳು ಅದರಲ್ಲಿ ಕ್ಷೇಮವಾಗಿರುವ ತನಕ ನೀವು ಗಾಬರಿಪಡಬೇಕಾದ್ದಿಲ್ಲ.

ಸಿ ಡ್ರೈವನ್ನು ಮಾತ್ರ ಎಸ್‌ಎಸ್‌ಡಿಗೆ ನಕಲು ಮಾಡಿದ್ದಾಗಿ ಬರೆದಿದ್ದೀರಿ. ತೊಂದರೆಯ ಬೇರು ಬಹುಮಟ್ಟಿಗೆ ಅಲ್ಲೇ ಇದೆ. ಈಗಿನ ಯುಇಎಫ್ಐ ಕಂಪ್ಯೂಟರುಗಳಲ್ಲಿ ವಿಂಡೋಸನ್ನು ಎಬ್ಬಿಸುವ ಫೈಲುಗಳು ಸಿ ಡ್ರೈವಿನಿಂದಾಚೆ, ಸಾಮಾನ್ಯವಾಗಿ 100 ಎಂಬಿ ಆಸುಪಾಸಿನ ಇಎಫ್ಐ ಪಾರ್ಟಿಷನ್ನಿನಲ್ಲಿರುತ್ತವೆ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಅದು ಕಾಣಿಸುವುದಿಲ್ಲ, ಹಾಗಾಗಿ ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಸಾಮಾನೆಲ್ಲ ಹೊಸ ಮನೆಗೆ ಬಂತು, ಬೀಗದ ಕೈ ಹಳೆ ಮನೆಯಲ್ಲೇ ಉಳಿಯಿತು.

ಹಳೆಯ ಡಿಸ್ಕಿನಿಂದಲೇ ಕಂಪ್ಯೂಟರ್ ಶುರು ಮಾಡಿ, ಇಡೀ ಡಿಸ್ಕನ್ನು ಮತ್ತೆ ಕ್ಲೋನ್ ಮಾಡಿ. ಪೆನ್‌ಡ್ರೈವಿನಿಂದ ಬಿಸಿಡಿಬೂಟ್ ಕಮಾಂಡ್ ಕೊಟ್ಟು ದುರಸ್ತಿ ಮಾಡುವ ದಾರಿಯೂ ಉಂಟು, ಆದರೆ ನಿಮಗೆ ಕ್ಲೋನ್ ಮಾಡುವುದೇ ಸುಲಭ. ಬಿಟ್‌ಲಾಕರ್ ಇದ್ದರೆ ರಿಕವರಿ ಕೀ ಬರೆದಿಟ್ಟುಕೊಂಡು, ಕ್ಲೋನ್ ಮಾಡುವ ಮೊದಲೇ ಬಿಟ್‌ಲಾಕರನ್ನು ಆಫ್ ಮಾಡಿ. ಕ್ಲೋನ್ ಮುಗಿದೊಡನೆ ಹಳೆಯ ಡಿಸ್ಕನ್ನು ಬಿಚ್ಚಿ, ಮೊದಲ ಸಲ ಎಸ್‌ಎಸ್‌ಡಿ ಒಂದರಿಂದಲೇ ಆನ್ ಮಾಡಿ. ಎರಡೂ ಒಟ್ಟಿಗಿದ್ದರೆ ಒಂದೇ ಗುರುತಿನ ಡಿಸ್ಕುಗಳು ಗೊಂದಲ ಮಾಡುತ್ತವೆ.

ಆಗಲೂ ಏಳದಿದ್ದರೆ ಬಯೋಸ್‌ಗೆ ಹೋಗಿ, ಬೂಟ್ ಪಟ್ಟಿಯಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲಕ್ಕೆ ತನ್ನಿ.