ಭಯ ನಡತೆಗೋ, ಮೈಬಣ್ಣಕ್ಕೋ?

ಪ್ರಶ್ನೆ: ಬೆಂಗಳೂರಿನ ಕಮ್ಮನಹಳ್ಳಿಯಲ್ಲಿದ್ದೇನೆ. ಮೇಲಿನ ಮಹಡಿಗೆ ನೈಜೀರಿಯಾದ ವಿದ್ಯಾರ್ಥಿಯೊಬ್ಬರು ಬಾಡಿಗೆಗೆ ಬಂದಿದ್ದಾರೆ. ಅವರು ಲಿಫ್ಟ್‌ನಲ್ಲಿದ್ದರೆ ಎದೆ ಡವಗುಟ್ಟುತ್ತದೆ, ಮೆಟ್ಟಿಲು ಹತ್ತಿ ಹೋಗುತ್ತೇನೆ. ಇದು ಎಚ್ಚರವೋ, ಪೂರ್ವಗ್ರಹವೋ?
– ಹೆಸರು ಬೇಡ

ಆಪ್ತಸಮಾಲೋಚಕರ ಉತ್ತರ: ಒಂದು ಹಾಳೆಯಲ್ಲಿ ಎರಡು ಪಟ್ಟಿ ಮಾಡಿ. ಒಂದರಲ್ಲಿ ಅವರು ಮಾಡಿದ್ದು, ಇನ್ನೊಂದರಲ್ಲಿ ನೀವು ಕೇಳಿದ್ದು, ಊಹಿಸಿದ್ದು. ಆಮೇಲೆ ಕೇಳಿಕೊಳ್ಳಿ: ಹುಬ್ಬಳ್ಳಿಯ ಹುಡುಗನೊಬ್ಬ ಹೀಗೆಯೇ ನಿಂತಿದ್ದರೆ ಹೆದರುತ್ತಿದ್ದೆನೇ? ಇಲ್ಲವೆಂದಾದರೆ, ಮೊದಲ ಪಟ್ಟಿಯೂ ಖಾಲಿಯಿದ್ದರೆ, ಭಯದ ಬೇರು ಮೈಬಣ್ಣದಲ್ಲಿದೆ. ಹಾಗೆ ಅನಿಸಿದ್ದು ಅಪರಾಧವಲ್ಲ. ಅದರಂತೆ ನಡೆದುಕೊಂಡರೆ ಅನ್ಯಾಯ. 2016ರಲ್ಲಿ ನಮ್ಮದೇ ನಗರದಲ್ಲಿ, ಬೇರೊಬ್ಬರು ಮಾಡಿದ ಅಪಘಾತದ ಸಿಟ್ಟಿಗೆ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಹಲ್ಲೆ ಮಾಡಿತು. ಆಫ್ರಿಕನ್ನರೆಲ್ಲರನ್ನೂ ಒಂದೇ ಎಂದು ಕಂಡದ್ದರ ಫಲ ಅದು.

ನಾಳೆ ಎದುರಾದಾಗ ಒಂದು ನಮಸ್ಕಾರ ಹೇಳಿ. ಇನ್ನೊಂದು ದಿನ ಹೆಸರು, ಓದು ವಿಚಾರಿಸಿ. ಪರಿಚಯ ಬೆಳೆದಂತೆ ಭಯ ಸಾಮಾನ್ಯವಾಗಿ ಇಳಿಯುತ್ತದೆ. ವಾಟ್ಸ್‌ಆ್ಯಪ್ ಗುಂಪಿನ ಗಾಳಿಮಾತನ್ನು ಮುಂದಕ್ಕೆ ಕಳಿಸಬೇಡಿ.

ಆದರೆ ಯಾರೇ ಆಗಲಿ ಹಿಂಬಾಲಿಸಿದರೆ, ದಾರಿ ತಡೆದರೆ, ಬೇಡವೆಂದರೂ ಮೈಮೇಲೆ ಬಂದರೆ ಸಂಕೋಚ ಬೇಡ. ಅಲ್ಲಿಂದ ಹೊರಡಿ, 112ಕ್ಕೆ ಕರೆ ಮಾಡಿ. ಆಗ ನೀವು ನೋಡುತ್ತಿರುವುದು ನಡತೆಯನ್ನು.

ಎಲ್ಲ ಅಪರಿಚಿತರ ಎದುರೂ ಎದೆ ಡವಗುಟ್ಟಿದರೆ, ನಿದ್ದೆ ಕೆಟ್ಟರೆ, ಹಳೆಯ ಕಹಿ ಘಟನೆ ಮರುಕಳಿಸಿದಂತಾದರೆ ಮನೋವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು.