ಹೊಸ ಮನೆಯ ಛಾವಣಿಯಲ್ಲಿ ರಾಶಿಚಕ್ರ

ಕಂಬಂ ಕಣಿವೆಯ ದಕ್ಷಿಣದ ಕೊನೆಯಲ್ಲಿರುವ ಗೂಡಲೂರಿನಲ್ಲಿ ಹಂಚಿನ ಮಾಡುಗಳು ಒಂದೊಂದಾಗಿ ಮರೆಯಾಗಿ ಕಾಂಕ್ರೀಟಿನ ತಾರಸಿಯ ಮನೆಗಳು ಎದ್ದಿವೆ. ಹಂಚಿನ ಮನೆಯಲ್ಲಿ ಅಂಗಾತ ಮಲಗಿದವನ ಕಣ್ಣಿಗೆ ತೊಲೆ, ಜಂತೆ, ರೀಪು, ಒಂದೆರಡು ಗಾಜಿನ ಹಂಚು, ಅದೃಷ್ಟವಿದ್ದರೆ ಆ ಗಾಜಿನಾಚೆ ಒಂದು ನಕ್ಷತ್ರ, ಇಷ್ಟು ಕಾಣುತ್ತಿತ್ತು. ತಾರಸಿಯ ಒಳಮೈಯಾದರೋ ಬಣ್ಣ ಬಳಿದ ಬರಿಯ ಬಯಲು. ಅದನ್ನು ಯಾವುದಾದರೊಂದು ಚಿತ್ರದಿಂದ ತುಂಬಬೇಕೆಂಬ ಆಸೆ ಗೃಹಸ್ಥರಿಗೆ ಸಹಜವೇ. ಕೆಲವರು ಅದಕ್ಕಾಗಿ ರಾಶಿಚಕ್ರವನ್ನು ಆರಿಸುವರು. ಮೇಷಕ್ಕೆ ಟಗರು, ವೃಷಭಕ್ಕೆ ಗೂಳಿ, ತುಲೆಗೆ ತಕ್ಕಡಿ, ಹೀಗೆ ಹನ್ನೆರಡು ಚಿತ್ರಗಳು ಅಂಗಡಿಯಲ್ಲಿ ಸಿದ್ಧವಾಗಿಯೇ ದೊರೆಯುತ್ತವೆ.

ನಾವು ನೋಡಿದ ಒಂದು ಮನೆಯ ನಡುಮನೆಯಲ್ಲಿ ಹನ್ನೆರಡಕ್ಕೆ ಬದಲಾಗಿ ಹನ್ನೊಂದೇ ರಾಶಿಗಳಿದ್ದುವು. ಧನುಸ್ಸಿನ ಜಾಗದಲ್ಲಿ ಒಂದು ತಾವರೆಯನ್ನು ಬರೆಯಿಸಿದ್ದರು. ಕಾರಣವನ್ನು ಕೇಳಿದಾಗ ಮನೆಯ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಳಿಕ ಮೆಲುದನಿಯಲ್ಲಿ, “ಮೊಮ್ಮಗಳದು ಮೂಲಾ ನಕ್ಷತ್ರ, ಧನುಸ್ಸು ರಾಶಿ. ಬಂದು ಹೋಗುವವರ ಕಣ್ಣಿಗೆ ಅದನ್ನೇಕೆ ತೋರಿಸಬೇಕು?” ಎಂದರು. ಒಂಬತ್ತನೆಯ ತರಗತಿಯಲ್ಲಿ ಓದುವ ಆ ಬಾಲಿಕೆ ಅಲ್ಲಿಯೇ ನಿಂತಿದ್ದಳು. ಮಾತನ್ನು ಕೇಳಿ ಒಳಕ್ಕೆ ಹೋದಳು. ಮೂಲೆಯಲ್ಲಿ ಹುಟ್ಟಿದ ಹೆಣ್ಣಿಗೆ ವರನನ್ನು ಹುಡುಕುವುದು ಕಷ್ಟವೆಂಬ ಭಯ ನಮ್ಮ ಕಡೆಯಲ್ಲಿಯೂ ತಮಿಳರಲ್ಲಿಯೂ ಎಷ್ಟು ಆಳವಾಗಿದೆಯೆಂಬುದನ್ನು ಪೋಷಕರಿಗೆ ನಾವು ಹೇಳಬೇಕಾಗಿಲ್ಲ. ಆ ಛಾವಣಿಯೇ ಈ ಪಾಠಕ್ಕೆ ಕಾರಣ.

ಮೊದಲು ರಾಶಿಯೆಂದರೇನೆಂಬುದನ್ನು ತಿಳಿಯೋಣ. ಸೂರ್ಯನು ವರ್ಷದಲ್ಲಿ ಒಮ್ಮೆ ನಕ್ಷತ್ರಗಳ ನಡುವೆ ಸುತ್ತಿಬರುವಂತೆ ತೋರುವ ದಾರಿಗೆ ಕ್ರಾಂತಿವೃತ್ತವೆಂದು ಹೆಸರು. ನಿಜವಾಗಿ ಸುತ್ತುವುದು ಭೂಮಿ. 360 ಅಂಶಗಳ ಈ ವೃತ್ತವನ್ನು ತಲಾ 30 ಅಂಶಗಳ 12 ಭಾಗಗಳಾಗಿ ಮಾಡಿದರೆ ರಾಶಿಗಳು. ತಲಾ 13 ಅಂಶ 20 ಕಲೆಗಳ 27 ಭಾಗಗಳಾಗಿ ಮಾಡಿದರೆ ನಕ್ಷತ್ರಗಳು. ಒಂದು ರಾಶಿಗೆ ಎರಡೂಕಾಲು ನಕ್ಷತ್ರವೆಂಬ ಲೆಕ್ಕ ಹೀಗೆ ಬಂದಿತು. ಇದು ಹಗ್ಗ ಹಿಡಿದು ಹೊಲವನ್ನು ಸಮವಾಗಿ ಹಂಚಿದಂತೆ. ಆದರೆ ಆಕಾಶದಲ್ಲಿ ಕಣ್ಣಿಗೆ ಕಾಣುವ ತಾರೆಗಳ ಗುಂಪುಗಳು ಹಗ್ಗಕ್ಕೆ ವಿಧೇಯವಾಗಿಲ್ಲ. ಕನ್ಯೆ ಬಹಳ ಉದ್ದ; ವೃಶ್ಚಿಕದ ಮೈಯ ಬಹುಭಾಗ ಸೂರ್ಯನ ದಾರಿಯಿಂದ ದಕ್ಷಿಣಕ್ಕೆ ಜೋತುಬಿದ್ದಿದೆ. ಖಗೋಳವಿಜ್ಞಾನಿಗಳು 1930ರಲ್ಲಿ ಪ್ರಕಟಿಸಿದ ಎಲ್ಲೆಗಳಂತೆ ಎಣಿಸಿದರೆ ಸೂರ್ಯನು ಕನ್ಯೆಯಲ್ಲಿ ಸುಮಾರು 45 ದಿನ ಇರುವನು, ವೃಶ್ಚಿಕದಲ್ಲಿ ಒಂದು ವಾರ ಮಾತ್ರ. ಅಲ್ಲಿಂದ ಹೊರಟು ಹದಿನೆಂಟು ದಿನ ಉರಗಧರನೆಂಬ ಹದಿಮೂರನೆಯವನ ಮನೆಯಲ್ಲಿ ಅತಿಥಿಯಾಗುವನು.

ಆದುದರಿಂದ ರಾಶಿ ಎಂಬ ಒಂದೇ ಮಾತಿನಿಂದ ನಾವು ಎರಡು ಬೇರೆ ವಸ್ತುಗಳನ್ನು ಹೇಳುತ್ತಿರುವೆವು: ಒಂದು ಲೆಕ್ಕದ ರಾಶಿ, ಇನ್ನೊಂದು ನೋಟದ ರಾಶಿ. ಅಂಗಡಿಯ ಪಟಗಳಲ್ಲಿ ಮೂರನೆಯದೊಂದು ತೊಡಕೂ ಸೇರಿರುತ್ತದೆ. ಪಶ್ಚಿಮದ ಪದ್ಧತಿಯಲ್ಲಿ ಮೇಷವು ಮಾರ್ಚ್ 21ರ ಸುಮಾರಿಗೆ ಮೊದಲಾಗುತ್ತದೆ. ನಮ್ಮ ಪಂಚಾಂಗದಲ್ಲಿ ಏಪ್ರಿಲ್ 14ರ ಸುಮಾರಿಗೆ. ವಿಷುವದ ಬಿಂದುವು ಸುಮಾರು 72 ವರ್ಷಕ್ಕೆ ಒಂದು ಅಂಶದಂತೆ ಹಿಂದಕ್ಕೆ ಸರಿಯುತ್ತ, ಎರಡು ಲೆಕ್ಕಗಳ ನಡುವೆ ಈಗ ಸುಮಾರು 24 ಅಂಶಗಳ ಅಂತರ ಬಿದ್ದಿದೆ. ಪಟದ ಕೆಳಗೆ ಅಚ್ಚಾದ ತಾರೀಖುಗಳನ್ನು ನಂಬಿ ಮಗುವಿನ ಕೋಣೆಯಲ್ಲಿ ಗೂಳಿಯನ್ನು ಅಂಟಿಸಿದ ತಂದೆಗೆ, ಮಗುವಿನ ಅಜ್ಜಿ ಪಂಚಾಂಗವನ್ನು ತೆರೆದು ಟಗರನ್ನು ತೋರಿಸುವುದುಂಟು.

ಹಾಗಾದರೆ ಛಾವಣಿಯ ಮೇಲೆ ಏನನ್ನು ಬರೆಯತಕ್ಕದ್ದು? ಟಗರನ್ನೂ ಗೂಳಿಯನ್ನೂ ಬಿಟ್ಟು ಚುಕ್ಕಿಗಳನ್ನು ಬರೆಯಿರಿ ಎಂಬುದು ನಮ್ಮ ಸಲಹೆ. ಕನ್ನಡದಲ್ಲಿ ಆಕಾಶದ ತಾರೆಗೂ ರಂಗವಲ್ಲಿಯ ಬಿಂದುವಿಗೂ ಚುಕ್ಕಿ ಎಂಬ ಒಂದೇ ಹೆಸರುಂಟು. ತಮಿಳಿನಲ್ಲಿ ಕೋಲದ ಬಿಂದು ಪುಳ್ಳಿ. ಆಕಾಶದ್ದಕ್ಕೆ ಬೇರೆ ಹೆಸರು. ಈ ಕಣಿವೆಯಲ್ಲಿ ತಲೆಮಾರುಗಳಿಂದ ನೆಲಸಿರುವ ಒಕ್ಕಲಿಗ, ಕಾಪಿಲಿಯ ಮನೆತನಗಳ ಮಕ್ಕಳು ಶಾಲೆಯಲ್ಲಿ ತಮಿಳನ್ನು ಓದಿ ಮನೆಯಲ್ಲಿ ಕನ್ನಡವನ್ನಾಡುವರು. ಅಂಗಳವನ್ನೂ ಆಕಾಶವನ್ನೂ ಒಂದೇ ಮಾತಿನಲ್ಲಿ ಹಿಡಿಯುವ ಸೌಲಭ್ಯ ಅವರಿಗೆ ಮನೆಯ ಭಾಷೆಯಿಂದಲೇ ಬಂದಿದೆ. ರಂಗವಲ್ಲಿಯಲ್ಲಿ ಮೊದಲು ಚುಕ್ಕಿ, ಅನಂತರ ಗೆರೆ. ಅಂಗಡಿಯ ರಾಶಿಚಿತ್ರದಲ್ಲಿ ಗೆರೆಯುಂಟು, ಚುಕ್ಕಿಯೇ ಇಲ್ಲ. ಅದನ್ನು ಹತ್ತು ವರ್ಷ ನೋಡಿದ ಮಗುವೂ ರಾತ್ರಿ ಅಂಗಳಕ್ಕೆ ಬಂದು ತನ್ನ ರಾಶಿಯನ್ನು ತೋರಿಸಲಾರದು.

ಗೂಡಲೂರು ಈ ಕೆಲಸಕ್ಕೆ ತಕ್ಕ ಊರು. ಪಶ್ಚಿಮಕ್ಕೆ ಘಟ್ಟ, ಪೂರ್ವಕ್ಕೆ ಮೇಘಮಲೆಯ ಸಾಲು. ಉದಯಾಸ್ತಗಳ ಬಳಿಯ ತಾರೆಗಳು ಬೆಟ್ಟಗಳ ಮರೆಯಲ್ಲಿ ಕಳೆದುಹೋಗುವುದು ನಿಜ. ಆದರೆ ಊರಿನ ಅಕ್ಷಾಂಶ 10ಕ್ಕಿಂತ ತುಸು ಕಡಿಮೆಯಾದುದರಿಂದ ರಾಶಿಗಳೆಲ್ಲವೂ ನೆತ್ತಿಯ ಆಸುಪಾಸಿನಲ್ಲಿಯೇ ಸಾಗುತ್ತವೆ. ಏಪ್ರಿಲ್ 15ರ ಸುಮಾರಿಗೆ, ಎಂದರೆ ಸೂರ್ಯನು ಮೇಷವನ್ನು ಪ್ರವೇಶಿಸಿ ತಮಿಳರ ಚಿತ್ತಿರೈ ಮಾಸ ಮೊದಲಾಗುವ ದಿನಗಳಲ್ಲಿ, ಮಧ್ಯಾಹ್ನ 12 ಗಂಟೆ 20 ನಿಮಿಷದ ಸುಮಾರಿಗೆ ಇಲ್ಲಿ ನೆಟ್ಟ ಕೋಲಿಗೆ ನೆರಳಿರುವುದಿಲ್ಲ. ಅದೇ ರಾತ್ರಿ 9 ಗಂಟೆಗೆ ಅಂಗಳದಲ್ಲಿ ತಲೆಯೆತ್ತಿದರೆ ಸಿಂಹರಾಶಿಯ ಮಘಾ ತಾರೆ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಇರುವುದು. ಸಂಕ್ರಾಂತಿಯ ರಾತ್ರಿ ಆ ಸ್ಥಾನದ ಬಳಿಗೆ ಕೆಂಪಾದ ರೋಹಿಣಿ ಬರುವಳು. ಇನ್ನು ಚಿತ್ರಾ ಪೌರ್ಣಮಿಯ ಮಾತು. ಅಂದು ಗಡಿಯ ಬೆಟ್ಟದ ಮೇಲಣ ಮಂಗಳಾದೇವಿ ಕಣ್ಣಗಿಯ ಗುಡಿಗೆ ಜನರು ಏರಿಹೋಗುವರಷ್ಟೆ. ಇಳಿದುಬಂದವರು ಸಂಜೆ ಮೂಡಣಕ್ಕೆ ತಿರುಗಿ ನಿಂತು, ಹುಣ್ಣಿಮೆಯ ಚಂದ್ರನ ಬಳಿಯಲ್ಲಿ, ಒಂದು ವರ್ಷ ತುಸು ಮೇಲೆ, ಇನ್ನೊಂದು ವರ್ಷ ತುಸು ಕೆಳಗೆ, ಬೆಳ್ಳಗೆ ಹೊಳೆಯುವ ತಾರೆಯೊಂದನ್ನು ಹುಡುಕಲಿ. ಅದೇ ಚಿತ್ರಾ. ಸೂರ್ಯನು ಮೇಷದಲ್ಲಿರುವಾಗ ಪೂರ್ಣಚಂದ್ರನು ಎದುರುಬದಿಯಲ್ಲಿರಲೇಬೇಕು. ತಿಂಗಳ ಹೆಸರು ಬಂದುದು ಅಲ್ಲಿಂದ.

ಕಟ್ಟಡದಲ್ಲಿ ರಾಶಿಗಳನ್ನು ಅಳವಡಿಸುವುದು ಹೊಸ ಶೋಕಿಯೇನೂ ಅಲ್ಲ. ಶೃಂಗೇರಿಯಲ್ಲಿ ತುಂಗೆಯ ದಡದಲ್ಲಿರುವ 14ನೆಯ ಶತಮಾನದ ವಿದ್ಯಾಶಂಕರ ದೇವಾಲಯದ ಮಂಟಪದಲ್ಲಿ 12 ಕಂಬಗಳ ಮೇಲೆ 12 ರಾಶಿಗಳನ್ನು ಕೆತ್ತಿರುವರು. ಸೂರ್ಯನು ಯಾವ ರಾಶಿಯಲ್ಲಿರುವನೋ ಆ ಕಂಬದ ಮೇಲೆ ಎಳೆಬಿಸಿಲು ಬೀಳುವುದೆಂದು ಪ್ರತೀತಿ. ಜಯಪುರದಲ್ಲಿ ಸವಾಯಿ ಜಯಸಿಂಹನು 18ನೆಯ ಶತಮಾನದ ಪೂರ್ವಾರ್ಧದಲ್ಲಿ ಕಟ್ಟಿಸಿದ ಜಂತರ್ ಮಂತರಿನಲ್ಲಿ ರಾಶಿಗೊಂದರಂತೆ ಹನ್ನೆರಡು ಯಂತ್ರಗಳುಂಟು. ಎರಡು ಕಡೆಯಲ್ಲಿಯೂ ಕಲ್ಲಿನ ರಾಶಿಗೆ ಆಕಾಶದೊಡನೆ ಕೊಂಡಿಯಿರುವುದನ್ನು ಗಮನಿಸಬೇಕು. ಮನೆಯಲ್ಲಿಯೂ ಇದರ ಸಣ್ಣ ರೂಪವೊಂದು ಸಾಧ್ಯ. ಪೂರ್ವದ ಕಿಟಕಿಗೆ ಸಣ್ಣ ತೂತಿರುವ ರಟ್ಟನ್ನು ಕಟ್ಟಿ, ಪ್ರತಿ ಸಂಕ್ರಮಣದ ದಿನ ಸರಿಯಾಗಿ ಬೆಳಿಗ್ಗೆ 9 ಗಂಟೆಗೆ ಒಳಗೋಡೆಯ ಅಥವಾ ನೆಲದ ಮೇಲೆ ಬಿಸಿಲಿನ ಚುಕ್ಕೆ ಬಿದ್ದಲ್ಲಿ ಗುರುತು ಮಾಡಿ ರಾಶಿಯ ಹೆಸರನ್ನು ಬರೆಯಿರಿ. ವರ್ಷ ತುಂಬುವಾಗ ಹನ್ನೆರಡು ಗುರುತುಗಳು ಸೇರಿ ಓರೆಯಾಗಿ ಹಿಗ್ಗಿದ 8ರ ಅಂಕೆಯಂತೆ ಕಾಣುವುವು. ಪಳನಿ ಬೆಟ್ಟಗಳ ಮೇಲೆ ಕೊಡೈಕಾನಲಿನ ಸೌರವೀಕ್ಷಣಾಲಯದಲ್ಲಿ ಶತಮಾನಕ್ಕೂ ಮಿಕ್ಕಿ ಸೂರ್ಯನ ಛಾಯಾಚಿತ್ರಗಳನ್ನು ತೆಗೆಯುತ್ತ ಬಂದಿರುವರು. ನಮಗೆ ಒಂದು ಸೀಮೆಸುಣ್ಣ ಸಾಕು. ಆದರೆ ತೂತಿನ ಮೂಲಕ ಸೂರ್ಯನನ್ನೇ ನೋಡಕೂಡದು, ಕಣ್ಣು ಹೋದೀತು.

ಛಾವಣಿಯ ಕೆಲಸದಲ್ಲಿ ಒಂದು ದೊಡ್ಡ ಅಪಾಯವುಂಟು. ನ್ಯೂಯಾರ್ಕಿನ ಗ್ರಾಂಡ್ ಸೆಂಟ್ರಲ್ ರೈಲುನಿಲ್ದಾಣವು 1913ರಲ್ಲಿ ತೆರೆದಾಗ ಅದರ ವಿಶಾಲವಾದ ಛಾವಣಿಯ ಮೇಲೆ ಹಸಿರುನೀಲಿಯ ಆಕಾಶವೂ ಬಂಗಾರದ ರಾಶಿಗಳೂ ಸುಮಾರು 2,500 ತಾರೆಗಳೂ ಮೆರೆಯುತ್ತಿದ್ದುವು. ಸ್ವಲ್ಪ ಕಾಲದಲ್ಲಿಯೇ ಪ್ರಯಾಣಿಕನೊಬ್ಬನು ತಲೆಯೆತ್ತಿ ನೋಡಿ, ಪೂರ್ವಪಶ್ಚಿಮಗಳು ಅದಲುಬದಲಾಗಿವೆ ಎಂದು ಹೇಳಿದನು. ಚಿತ್ರವು ಕನ್ನಡಿಯಲ್ಲಿ ಕಂಡಂತೆ ತಿರುಗಿಹೋಗಿತ್ತು. 1940ರ ದಶಕದಲ್ಲಿ ಹೊಸದಾಗಿ ಬರೆದಾಗಲೂ ಅದನ್ನು ತಿದ್ದಲಿಲ್ಲ. ಇಂದಿಗೂ ಹಾಗೆಯೇ ಇದೆ. ಅಷ್ಟು ದೊಡ್ಡ ಶಿಲ್ಪಿಗಳಿಗೆ ಆದ ತಪ್ಪು ನಮಗೆ ಸುಲಭವಾಗಿ ಆಗಬಹುದು. ಭೂಪಟದಲ್ಲಿ ಉತ್ತರವು ಮೇಲಿದ್ದರೆ ಪೂರ್ವವು ಬಲಕ್ಕೆ. ನಕ್ಷತ್ರಪಟದಲ್ಲಿ ಉತ್ತರವು ಮೇಲಿದ್ದರೆ ಪೂರ್ವವು ಎಡಕ್ಕೆ. ಇದು ಅಚ್ಚಿನ ದೋಷವಲ್ಲ. ಪಟವನ್ನು ತಲೆಯ ಮೇಲೆ ಹಿಡಿದು ಕೆಳಗಿನಿಂದ ನೋಡಿದರೆ ಎಲ್ಲ ದಿಕ್ಕುಗಳೂ ತಮ್ಮ ತಮ್ಮ ಗೋಡೆಗೆ ಸರಿಹೊಂದುವುವು. ಆದುದರಿಂದ ತಾರೆಯಿರುವಲ್ಲೆಲ್ಲ ಸೂಜಿಯಿಂದ ಚುಚ್ಚಿದ ಹಾಳೆಯನ್ನು ಛಾವಣಿಗೆ ಒತ್ತುವಾಗ ಅಚ್ಚಾದ ಮೈ ನಿಮ್ಮ ಕಡೆಗೆ, ಹಿಂಬದಿ ಛಾವಣಿಯ ಕಡೆಗೆ ಇರಬೇಕು. ಅಚ್ಚಿನ ಮೈಯನ್ನು ಮೇಲಕ್ಕೆ ಒತ್ತಿದಿರೋ, ನ್ಯೂಯಾರ್ಕಿನ ನಿಲ್ದಾಣ ನಿಮ್ಮ ಮನೆಗೂ ಬಂದಂತೆಯೇ.

ಅಳತೆ ಸುಲಭ. ಒಂದು ಅಂಶಕ್ಕೆ 2 ಸೆಂಟಿಮೀಟರ್ ಹಿಡಿಯಿರಿ. ಒಂದು ಹೊತ್ತಿನಲ್ಲಿ ಕಾಣುವ ಅರ್ಧ ರಾಶಿಚಕ್ರ, ಎಂದರೆ 180 ಅಂಶ, 3.6 ಮೀಟರಿನಲ್ಲಿ ಮುಗಿಯುವುದು. ನಮ್ಮ ಕಡೆಯ 12 ಅಡಿಯ ಕೋಣೆಗೆ ಅಳೆದು ಮಾಡಿದಂತಿದೆ! ಯಾವ ದಿನದ, ಯಾವ ಹೊತ್ತಿನ ಆಕಾಶವೆಂಬುದನ್ನು ಮನೆಯವರೇ ಆರಿಸಲಿ. ಗೃಹಪ್ರವೇಶದ ರಾತ್ರಿಯಾಗಬಹುದು, ಮಗುವಿನ ಹುಟ್ಟಿದ ದಿನದ ಸಂಜೆಯಾಗಬಹುದು. ಪ್ರಕಾಶಕ್ಕೆ ತಕ್ಕಂತೆ ಚುಕ್ಕಿ ದೊಡ್ಡದು, ಸಣ್ಣದು. ಹಿನ್ನೆಲೆಗೆ ಕಡುನೀಲಿಯೇ ಬೇಕೆಂದಿಲ್ಲ. ಬಿಳಿಯ ಛಾವಣಿಗೆ ನೀಲಿಯ ಚುಕ್ಕಿಗಳೂ ಒಪ್ಪುವುವು, ಕೋಣೆಯೂ ಕತ್ತಲಾಗದು. ಸಿಂಹ, ವೃಷಭ, ಮಿಥುನಗಳ ಆಕಾರ ಸ್ಪಷ್ಟ. ಕಟಕ, ಮೀನ, ಮಕರಗಳಲ್ಲಿ ಮಂಕು ತಾರೆಗಳೇ ಹೆಚ್ಚು. ಅವುಗಳ ಮೇಲೆ ಶ್ರಮ ಬೇಡ.

ವೃಶ್ಚಿಕವನ್ನು ಮಾತ್ರ ಬಿಡಕೂಡದು. ಹೆಸರಿಗೆ ತಕ್ಕ ರೂಪವಿರುವ ರಾಶಿ ಇದೊಂದೇ ಎಂದು ನಮಗೆ ತೋರುತ್ತದೆ. ಮುಂದೆ ಸಾಲಾಗಿ ಅನುರಾಧೆಯ ಮೂರು ತಾರೆಗಳು. ನಡುವೆ ಕೆಂಡದಂತಹ ಜ್ಯೇಷ್ಠಾ, ಅದರ ಎರಡು ಪಕ್ಕದಲ್ಲಿ ಸಣ್ಣವೆರಡು. ಅಲ್ಲಿಂದ ದಕ್ಷಿಣಕ್ಕಿಳಿದು, ಪೂರ್ವಕ್ಕೆ ಬಳಸಿ, ಮತ್ತೆ ಮೇಲಕ್ಕೆ ಬಾಗುವ ಬಾಲದಲ್ಲಿ ಒಂಬತ್ತು. ತುದಿಯಲ್ಲಿ ಕೊಂಡಿಯಂತೆ ಜೋಡಿ ತಾರೆಗಳು. ನಮ್ಮ ಅಳತೆಯಲ್ಲಿ ತಲೆಯಿಂದ ತುದಿಗೆ ಸುಮಾರು 52 ಸೆಂಟಿಮೀಟರ್. ಆ ಜೋಡಿಯ ನಡುವೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು. ಗೂಡಲೂರಿನಲ್ಲಿ ಈ ಬಾಲದ ತುದಿ ದಕ್ಷಿಣದ ಆಕಾಶದಲ್ಲಿ 43 ಅಂಶ ಎತ್ತರಕ್ಕೆ ಏರುವುದು. ದೆಹಲಿಯಲ್ಲಿ 24 ಅಂಶ. ಲಂಡನ್ನಿನಲ್ಲಿ ಅದು ದಿಗಂತದ ಮಂಜಿನಿಂದ ಮೇಲೇಳುವುದೇ ಅಪರೂಪ.

ಈ ಬಾಲವೇ ಮೂಲಾ.

ಲೆಕ್ಕದಲ್ಲಿ ಮೂಲಾ ನಕ್ಷತ್ರವು ಧನುಸ್ಸಿನ ಮೊದಲ 13 ಅಂಶ 20 ಕಲೆಗಳ ಹೆಸರು. ಆದರೆ ಅದಕ್ಕೆ ಹೆಸರು ಕೊಟ್ಟ ತಾರೆಗಳಿರುವುದು ಚೇಳಿನ ಬಾಲದಲ್ಲಿ. ತಾವರೆಯ ಮರೆಯಲ್ಲಿ ಅಡಗಿಸಿದುದನ್ನು, ಪಕ್ಕದ ಚೇಳಿನಲ್ಲಿ ಆ ಮನೆಯವರು ಕಾಣದೆಯೇ ಬರೆಯಿಸಿದ್ದರು! ಒಂದಕ್ಕೊಂದು ನೂರಾರು ಜ್ಯೋತಿರ್ವರ್ಷಗಳ ದೂರದಲ್ಲಿದ್ದು, ನಮ್ಮ ಕಣ್ಣಿಗೆ ಮಾತ್ರ ಒಂದೇ ಸಾಲಾಗಿ ತೋರುವ ಸೂರ್ಯಗಳು ಅವು. ಗೂಡಲೂರಿನಲ್ಲಿ ಹುಟ್ಟಿದ ಹುಡುಗಿಗೆ ಬರುವ ಸಂಬಂಧವನ್ನು ಅವು ತಡೆಯುವುವೆಂದು ನಂಬುವುದಕ್ಕೆ ನಮಗೆ ಯಾವ ಕಾರಣವೂ ಕಾಣದು. ತಡೆಯುವವರು ಯಾರೆಂಬುದು ನಮಗೆಲ್ಲರಿಗೂ ಗೊತ್ತಿದೆ.

ಸೆಪ್ಟೆಂಬರಿನ ಮೊದಲ ವಾರದ ಒಂದು ಸಂಜೆ, ಮೋಡವಿಲ್ಲದ ಹೊತ್ತು, ಅದೇ ಮನೆಯ ತಾರಸಿಯನ್ನೇರಿದೆವು. 8 ಗಂಟೆಯಾಗಿತ್ತು. ವೃಶ್ಚಿಕವು ನೈಋತ್ಯದ ಕಡೆಗೆ ವಾಲಿ ನಿಂತಿತ್ತು. ಬಾಲಿಕೆ ಕೆಂಪು ತಾರೆಯಿಂದ ಬೆರಳಿಟ್ಟು ಎಣಿಸುತ್ತ ಕೊಂಡಿಯವರೆಗೆ ಬಂದಳು. ಹಿರಿಯರು ಮೊದಲು ದೂರದಲ್ಲಿ ಕುಳಿತಿದ್ದರು. ಬಳಿಕ ಎದ್ದು ಬಂದು, “ಯಾವುದಮ್ಮ ಅದು, ಇನ್ನೊಂದು ಸಲ ತೋರಿಸು” ಎಂದರು. ನಡುಮನೆಯ ತಾವರೆಯನ್ನು ಯಾರೂ ಅಳಿಸಿಲ್ಲ. ಆಕೆ ಓದುವ ಕೋಣೆಯ ಬರಿಯ ಛಾವಣಿಯ ಮೇಲೆ ಈಗ ಹದಿನೈದು ಚುಕ್ಕಿಗಳಿವೆ. ಮೇಜಿನ ಮೇಲೆ ಹತ್ತಿ ನಿಂತು ತಾನೇ ಇಟ್ಟವು. ಜ್ಯೇಷ್ಠೆಗೆ ಕುಂಕುಮದ ಬಣ್ಣ. ತುದಿಯ ಜೋಡಿಯ ನಡುವಣ ಅಂತರವನ್ನು ಎರಡು ಸಲ ಅಳೆದಿದ್ದಾಳೆ.