ಕಾರ್ಮಿಕರ ಪಿಂಚಣಿ: ಹತ್ತು ವರ್ಷಗಳ ಸೇವೆಯ ಮಹತ್ವ

ದಂಡೋತಿ, ಚಿತ್ತಾಪುರ, ಶಹಾಬಾದ್, ವಾಡಿ ಮತ್ತು ಸೇಡಂ ಪ್ರದೇಶದ ಉದ್ಯಮಗಳಿಗೆ ಸುಣ್ಣದಕಲ್ಲು ಬಹುಮುಖ್ಯ ಆಧಾರ. ಸಿಮೆಂಟ್ ಕಾರ್ಖಾನೆಗಳ ಕಾಯಂ ನೌಕರರಿಗೆ ಭವಿಷ್ಯ ನಿಧಿಯ ವ್ಯವಸ್ಥೆ ಪರಿಚಿತವೇ. ಆದರೆ ಕಲ್ಲು ಪಾಲಿಶಿಂಗ್ ಘಟಕಗಳಲ್ಲಿ ದುಡಿಯುವವರು ಒಂದು ಘಟಕದಿಂದ ಮತ್ತೊಂದಕ್ಕೆ ಹೋಗುತ್ತಿರುತ್ತಾರೆ. ಅವರ ವೃದ್ಧಾಪ್ಯದ ಆದಾಯ ಕೈತಪ್ಪುವುದು ಈ ಬದಲಾವಣೆಯ ಹಂತದಲ್ಲಿಯೇ.

ನೌಕರರ ಪಿಂಚಣಿ ಯೋಜನೆಯು 1995ರ ನವೆಂಬರ್ 16ರಂದು ಜಾರಿಗೆ ಬಂದಿತು. ಮಾಲೀಕರ ವಂತಿಗೆಯಲ್ಲಿ ವೇತನದ ಶೇ. 8.33ರಷ್ಟು ಭಾಗ ಈ ಯೋಜನೆಗೆ ಸಲ್ಲುತ್ತದೆ. ಇದಕ್ಕೆ ಅನ್ವಯಿಸುವ ವೇತನದ ಮಿತಿಯನ್ನು 2014ರ ಸೆಪ್ಟೆಂಬರ್‌ನಲ್ಲಿ ರೂ. 6,500ರಿಂದ ರೂ. 15,000ಕ್ಕೆ ಏರಿಸಲಾಯಿತು. ಕನಿಷ್ಠ ಪಿಂಚಣಿಯನ್ನು ರೂ. 1,000 ಎಂದು ನಿಗದಿಪಡಿಸಿದ್ದೂ ಆಗಲೇ. 58ನೇ ವಯಸ್ಸಿನಲ್ಲಿ ಮಾಸಿಕ ಪಿಂಚಣಿ ಪಡೆಯಲು ಹತ್ತು ವರ್ಷಗಳ ಸದಸ್ಯತ್ವ ಅವಶ್ಯ.

ಲೆಕ್ಕಾಚಾರ ಸರಳವಾದುದು. ಕೊನೆಯ 60 ತಿಂಗಳ ಸರಾಸರಿ ವೇತನವನ್ನು ಸೇವಾವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಉದಾಹರಣೆಗೆ, 44ನೇ ವಯಸ್ಸಿನಲ್ಲಿ ಸದಸ್ಯನಾದ ಕಾರ್ಮಿಕನೊಬ್ಬ ಮೂರು ಘಟಕಗಳಲ್ಲಿ ಕ್ರಮವಾಗಿ 6, 5 ಮತ್ತು 3 ವರ್ಷ ದುಡಿದನೆಂದಿಟ್ಟುಕೊಳ್ಳೋಣ. ಸರಾಸರಿ ವೇತನ ರೂ. 15,000 ಇದ್ದು, 14 ವರ್ಷಗಳ ಸೇವೆ ಒಂದುಗೂಡಿದ್ದರೆ ತಿಂಗಳಿಗೆ ರೂ. 3,000 ಪಿಂಚಣಿ ದೊರೆಯುತ್ತದೆ. ಕೆಲಸ ಬಿಟ್ಟಾಗಲೆಲ್ಲ ಪಿಂಚಣಿ ಹಣವನ್ನು ಹಿಂಪಡೆದಿದ್ದರೆ ಆತನಿಗೆ ಮಾಸಿಕ ಪಿಂಚಣಿಯೇ ಇಲ್ಲ. ದುಡಿಮೆ ಒಂದೇ, ಫಲ ಮಾತ್ರ ಬೇರೆ.

ಈ ಹಿನ್ನೆಲೆಯಲ್ಲಿ ಉದ್ಯಮಿಗಳು ಗಮನಿಸಬೇಕಾದ ಅಂಶಗಳು ಇಂತಿವೆ:

1. ಹೊಸದಾಗಿ ಸೇರುವವರ ಹಳೆಯ ಯು.ಎ.ಎನ್. ಸಂಖ್ಯೆಯನ್ನು ಕೇಳಿ ಪಡೆದು, ಅದರಲ್ಲಿಯೇ ಖಾತೆ ಮುಂದುವರಿಸಬೇಕು.

2. ಹತ್ತು ವರ್ಷ ತುಂಬದೆ ಕೆಲಸ ಬಿಡುವವರು ನಮೂನೆ 10ಸಿ ಮೂಲಕ ಹಣದ ಬದಲು ಯೋಜನಾ ಪ್ರಮಾಣಪತ್ರ ಪಡೆಯಬಹುದು. ಅದರಿಂದ ಹಿಂದಿನ ಸೇವೆ ಮುಂದಿನ ಸೇವೆಗೆ ಸೇರುತ್ತದೆ. ಈ ವಿಷಯವನ್ನು ಅವರಿಗೆ ತಿಳಿಸಿ ಹೇಳಬೇಕು.

3. ಗುತ್ತಿಗೆದಾರರ ಮೂಲಕ ಬಂದ ಕಾರ್ಮಿಕರ ವಂತಿಗೆಯ ಹೊಣೆಯಿಂದಲೂ ಮೂಲ ಮಾಲೀಕರು ಮುಕ್ತರಲ್ಲ.

4. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ 20 ನೌಕರರ ಮಿತಿಯೇ ಉಳಿದಿದೆ. ಅದಕ್ಕಿಂತ ಚಿಕ್ಕ ಘಟಕಗಳು ಮಾಲೀಕರ ಹಾಗೂ ಬಹುಪಾಲು ನೌಕರರ ಒಪ್ಪಿಗೆಯಿಂದ ಸ್ವಇಚ್ಛೆಯಿಂದ ಸೇರಬಹುದು.

ವಂತಿಗೆಯನ್ನು ಕೇವಲ ಖರ್ಚೆಂದು ಭಾವಿಸುವುದು ಸರಿಯಲ್ಲ. ಸೇವೆಯಲ್ಲಿರುವಾಗಲೇ ಸದಸ್ಯ ಮೃತಪಟ್ಟರೆ, ಒಂದು ತಿಂಗಳ ವಂತಿಗೆ ಸಂದಾಯವಾಗಿದ್ದರೂ ಆತನ ಪತ್ನಿಗೆ ಪಿಂಚಣಿಯ ಹಕ್ಕಿದೆ.

ಇನ್ನು ಮಾಲೀಕರ ವಿಷಯ. ಸಣ್ಣ ವ್ಯಾಪಾರಿಗೆ ಪಿಂಚಣಿ ಕೊಡುವ ಮಾಲೀಕರು ಯಾರೂ ಇಲ್ಲ. 2015ರಲ್ಲಿ ಆರಂಭವಾದ ಅಟಲ್ ಪಿಂಚಣಿ ಯೋಜನೆಗೆ 18ರಿಂದ 40 ವರ್ಷದೊಳಗಿನವರು ಸೇರಬಹುದು; ಆದಾಯ ತೆರಿಗೆದಾರರಿಗೆ 2022ರ ಅಕ್ಟೋಬರ್‌ನಿಂದ ಅವಕಾಶವಿಲ್ಲ. 60ರ ನಂತರ ರೂ. 5,000 ಪಡೆಯಲು 18ನೇ ವಯಸ್ಸಿನಲ್ಲಿ ಸೇರಿದವರು ತಿಂಗಳಿಗೆ ರೂ. 210 ಕಟ್ಟಿದರೆ, 40ನೇ ವಯಸ್ಸಿನಲ್ಲಿ ಸೇರಿದವರು ರೂ. 1,454 ಕಟ್ಟಬೇಕು. ತೆರಿಗೆದಾರರಿಗೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯು 2009ರ ಮೇ 1ರಿಂದ ತೆರೆದಿದೆ.

ನೌಕರರ ಪಿಂಚಣಿಯಲ್ಲಾಗಲಿ ಅಟಲ್ ಪಿಂಚಣಿಯಲ್ಲಾಗಲಿ ಬೆಲೆಯೇರಿಕೆಗೆ ತಕ್ಕಂತೆ ಮೊತ್ತ ಹೆಚ್ಚುವ ಏರ್ಪಾಡಿಲ್ಲ. ಆದುದರಿಂದ ಪಿಂಚಣಿಯ ಜೊತೆಗೆ ಪ್ರತ್ಯೇಕ ಉಳಿತಾಯವೂ ಅಗತ್ಯ. ಕಾರ್ಮಿಕರ ಸೇವೆಯ ದಾಖಲೆ ತುಂಡಾಗದಂತೆ ಕಾಯ್ದುಕೊಳ್ಳುವುದಂತೂ ಮಾಲೀಕರಿಗೆ ಹೆಚ್ಚುವರಿ ವೆಚ್ಚವಿಲ್ಲದ ಕರ್ತವ್ಯ.